ಕೋಡಿನ ಅಕ್ಕ

ನನ್ನ ಮೊಬೈಲಿಗೆ ದಿನಾ ಬೆಳಿಗ್ಗೆ ಸ್ಫೂರ್ತಿ ಬರುತ್ತದೆ. ಶಿಕ್ಷಕರ ಗುಂಪಿನಿಂದ ಎರಡು, ಹೆಂಡತಿಯ ತವರಿನ ಗುಂಪಿನಿಂದ ಮೂರು, ಹಳೆಯ ವಿದ್ಯಾರ್ಥಿಗಳಿಂದ ಬರುವುದಕ್ಕೆ ಲೆಕ್ಕವಿಲ್ಲ. ಎಲ್ಲವೂ ಒಂದೇ ಥರದ ವಿಡಿಯೋ. ಶಾಲೆಯಲ್ಲಿ ಎಲ್ಲರೂ ಕಾಡಿಸುವ ಒಬ್ಬ ಹುಡುಗಿ, ಒಂದು ಕನ್ನಡಿ, ಅಳು, ಒಬ್ಬರು ಒಳ್ಳೆಯ ಟೀಚರ್, ಕೊನೆಗೆ ಚಪ್ಪಾಳೆ. ಕೆಳಗೆ ‘ನಿಜವಾದ ಸೌಂದರ್ಯ ಒಳಗಿದೆ’ ಎಂಬ ಸಾಲು. ಮೊದಲೆಲ್ಲ ಇವನ್ನು ನೋಡಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಒರೆಸಿಕೊಂಡ ಕೈಯಿಂದಲೇ ಇಪ್ಪತ್ತು ಜನಕ್ಕೆ ಕಳಿಸುತ್ತಿದ್ದೆ. ಈಗ ಆಗುವುದಿಲ್ಲ. ವಿಡಿಯೋ ಶುರುವಾದ ಕೂಡಲೇ ಕಿವಿಯಲ್ಲಿ ಒಂದು ದನಿ ಕೇಳುತ್ತದೆ: “ತಡೀರಿ ಸರ್ರ, ಈಕಿ ಈಗ ಕನಡಕಾ ತಗೀತಾಳ ನೋಡ್ರಿ.”

ಆ ದನಿಯವಳು ತೀರಿಕೊಂಡು ತಿಂಗಳ ಮೇಲಾಯಿತು. ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವಳದು. ಅವಳದೆಂದರೆ ಅವಳ ತಮ್ಮನದು. ತಮ್ಮ, ತಮ್ಮನ ಹೆಂಡತಿ, ಅವರ ಮಕ್ಕಳು, ಅವರ ನಡುವೆ ಇವಳು. ಓಣಿಗೆಲ್ಲ ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಮುದುಕರೂ ಅಕ್ಕಾ ಎಂದೇ ಕೂಗುತ್ತಿದ್ದರು, ಅವಳೂ ಗಂಭೀರವಾಗಿ ಓ ಅನ್ನುತ್ತಿದ್ದಳು. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಹಾಗಾಗಿ ಇಲ್ಲಿಯೂ ಹೆಸರು ಬೇಡ.

ಊರಿಗೆ ಊರೇ ಮಗ್ಗದ ಸದ್ದಿನಲ್ಲಿ ಬದುಕುವಾಗ ಅಕ್ಕನ ಕೆಲಸ ಮಾತ್ರ ಸದ್ದಿಲ್ಲದ್ದು. ಮಗ್ಗದಿಂದ ಇಳಿದ, ಇನ್ನೂ ತೊಳೆಯದ ಕೋರಾ ಬಟ್ಟೆ ಕಾರಖಾನೆಯಲ್ಲಿ ಅವಳ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಅದರಲ್ಲಿ ಗಂಟು, ಕಡಿದ ಎಳೆ, ಎಣ್ಣೆಯ ಡಾಗು ಹುಡುಕಿ ಸರಿಮಾಡಬೇಕು. ಇದಕ್ಕೆ ನಮ್ಮಲ್ಲಿ ಮೆಂಡಿಂಗ್ ಅನ್ನುತ್ತಾರೆ. ಕೈಯಲ್ಲೊಂದು ಸಣ್ಣ ಚಿಮಟಾ, ಕಿವಿಯ ಹಿಂದೆ ಒಂದು ನೀಲಿ ಖಡು. ಖಡು ಅಂದರೆ ನಾವು ಶಾಲೆಯಲ್ಲಿ ಹಲಗೆಯ ಮೇಲೆ ಬರೆಯುವ ಸುಣ್ಣದ ಕಡ್ಡಿಯೇ. ತನ್ನ ಕೈಯಲ್ಲಿ ಸರಿಹೋಗದ ಡಾಗು ಕಂಡರೆ ಅದರ ಸುತ್ತ ಒಂದು ಗೋಲ ಹೊಡೆದು ಮುಂದೆ ಸರಿಸುತ್ತಿದ್ದಳು. ಬಟ್ಟೆ ನೋಡುವಾಗ ಅವಳ ಕಣ್ಣಿಗಿಂತ ಬೆರಳುಗಳೇ ಮುಂದೆ ಓಡುತ್ತಿದ್ದವು. ಆ ಬೆರಳುಗಳು ಎರಡು ಬಣ್ಣದವು. ಕಂದು ಕೈಯ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ. ಅದೇ ಬಿಳಿ ತುಟಿಯ ಸುತ್ತ, ಕಣ್ಣಿನ ಸುತ್ತ, ಕುತ್ತಿಗೆಯಿಂದ ಇಳಿದು ಸೀರೆಯೊಳಕ್ಕೆ.

ಈ ಬಿಳಿಗೆ ಕನ್ನಡದವರು ತೊನ್ನು ಅನ್ನುತ್ತಾರೆ. ಮರಾಠಿಯಲ್ಲಿ ಅದಕ್ಕೆ ಕೋಡ ಎಂದು ಹೆಸರು. ಅಕ್ಕನ ತಂದೆತಾಯಿ ರಾಯಬಾಗದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವರು, ಬಂದ ಹೊಸದರಲ್ಲಿ ತಾಯಿಗೆ ಮರಾಠಿಯ ಗಾಳಿಯೂ ಸೋಕಿರಲಿಲ್ಲ. ಮಗಳಿಗೆ ಹನ್ನೆರಡು ವರ್ಷವಿದ್ದಾಗ ಪಕ್ಕದ ಮನೆಯ ಮರಾಠಿ ಹೆಂಗಸು ಅವಳ ಮುಖ ನೋಡಿ, “ಅಗಬಾಯಿ, ಪೋರೀಲಾ ಕೋಡ ಆಲಂಯ” ಎಂದು ಗಾಬರಿಯಾದಳಂತೆ. ಪೋರಿಗೆ ಕೋಡು ಬಂದಿದೆ ಎಂದು ತಾಯಿಗೆ ಕೇಳಿಸಿತು. ಮಗಳನ್ನು ಹೊಸ್ತಿಲ ಮೇಲೆ ಕೂರಿಸಿ, ಕೂದಲು ಬಿಚ್ಚಿ, ಎರಡೂ ಕೈಯಿಂದ ತಲೆಯೆಲ್ಲ ತಡಕಿದಳು.

“ಒಂದ ತಾಸ ನೋಡಿದ್ಲ್ರಿ ನಮ್ಮವ್ವ,” ಎಂದು ಅಕ್ಕ ಈ ಕಥೆಯನ್ನು ನನಗೆ ಕಡಿಮೆಯೆಂದರೆ ಐವತ್ತು ಸಲ ಹೇಳಿದ್ದಾಳೆ. “ಹೇನ ಸಿಕ್ಕುವು. ಕೋಡ ಸಿಗಲಿಲ್ಲ.”

ಅಂದಿನಿಂದ ಅವಳು ಆ ಶಬ್ದವನ್ನು ಬಿಡಲಿಲ್ಲ. ಮರಾಠಿಯವರು ಯಾವ ಅರ್ಥದಲ್ಲಾದರೂ ಅನ್ನಲಿ, ತಾನು ಮಾತ್ರ ಕನ್ನಡದ ಅರ್ಥವನ್ನೇ ಹಿಡಿಯುವಳು. “ತೊನ್ನ ಅಂದ್ರ ಮಂದಿ ದೂರ ಸರೀತಾರ್ರಿ ಸರ್ರ. ಕೋಡ ಅಂದ್ರ ಹಾದಿ ಬಿಡ್ತಾರ. ಸರಿಯೂದು ಎರಡೂ ಕಡೆ ಅಷ್ಟ. ಆದ್ರ ನನಗ ಎರಡನೇದ್ದ ಚಲೋ ಅನಸ್ತೈತಿ.” ಮೆಂಡಿಂಗಿನ ಮೇಜಿನ ಹತ್ತಿರ ಯಾರಾದರೂ ಜಗಳಕ್ಕೆ ಬಂದರೆ ತಲೆ ತಗ್ಗಿಸಿ, “ಕೋಡ ಅದಾವ ನನಗ, ಹಾಯ್ತೇನಿ ನೋಡ” ಅನ್ನುವಳು. ಜಗಳ ಅಲ್ಲಿಗೇ ನಗೆಯಾಗುತ್ತಿತ್ತು.

ಚಿಕ್ಕವಳಿದ್ದಾಗ ಔಷಧಿಗೆಂದು ಕೊಲ್ಹಾಪುರಕ್ಕೆ ತಿರುಗಿದ್ದಳು. ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸು ಅವಳ ಕೈ ನೋಡಿ ಎದ್ದು ಹೋಗಿ ನಿಂತುಕೊಂಡರೆ ಇವಳು ಕಾಲು ಚಾಚಿ ಚೀಲವನ್ನು ಪಕ್ಕದಲ್ಲಿಟ್ಟು ಕಿಟಕಿಯ ಗಾಳಿ ಕುಡಿಯುತ್ತ ಹೋಗುವಳು. “ತಿಕೀಟ ಒಂದ, ಸೀಟ ಎರಡ. ಯಾವ ಪಾಟೀಲಗ ಸಿಗತೈತಿ?” ಯಾರಾದರೂ ಎವೆಯಿಕ್ಕದೆ ದಿಟ್ಟಿಸಿದರೆ, “ಕಾಯ ಬಘತಾಯ ತಾಯಿ? ಹೀ ಪಿಶವಿ ಧರಾ” ಎಂದು, ಏನು ನೋಡುತ್ತೀರಿ ಇದನ್ನು ಹಿಡಿಯಿರಿ ಎನ್ನುವ ಅರ್ಥದಲ್ಲಿ, ತನ್ನ ಚೀಲವನ್ನು ಅವರ ಕೈಗೆ ಕೊಟ್ಟುಬಿಡುವಳು. ಚೀಲ ಹಿಡಿದವರು ಅವಳನ್ನು ದಿಟ್ಟಿಸುವುದನ್ನು ಬಿಟ್ಟು ಚೀಲವನ್ನು ದಿಟ್ಟಿಸುತ್ತಿದ್ದರಂತೆ.

ಮದುವೆಯಾಗಲಿಲ್ಲ. ನಮ್ಮ ಕಡೆ ಹೆಣ್ಣು ನೋಡಲು ಬಂದವರಿಗೆ ಈರುಳ್ಳಿ ಹಾಕಿದ ಅವಲಕ್ಕಿ ಕೊಡುವುದು ವಾಡಿಕೆ, ಹೆಣ್ಣು ನೋಡುವುದಕ್ಕೇ ಕಾಂದೇಪೋಹೆ ಎಂದು ಹೆಸರಾಗಿದೆ. ಅಕ್ಕನ ಮನೆಗೂ ಮುರಗೂಡದಿಂದ ಒಂದು ಸಲ ಗಂಡಿನವರು ಬಂದರು. ಅವಲಕ್ಕಿಯ ತಾಟು ನೀಡಿದ ಕೈಯನ್ನು ಹುಡುಗನ ತಾಯಿ ನೋಡಿದಳು. ಯಾರಿಗೋ ಹುಷಾರಿಲ್ಲ ಎಂದು ನೆನಪಾಗಿ ಎಲ್ಲರೂ ಎದ್ದರು. ತಾಟುಗಳು ಹಾಗೆಯೇ ಉಳಿದವು. “ಮುಂದ ಏನ್ ಮಾಡಿದಿ ಅಕ್ಕಾ?” ಎಂದು ಕೇಳಿದ್ದೆ. “ಏನ್ ಮಾಡ್ಲಿರಿ? ಐದ ತಾಟ ಪೋಹೆ. ನಾನೂ ನಮ್ಮ ತಮ್ಮನೂ ಕುಂತ ತಿಂದ್ವಿ. ಭಾಳ ಚಲೋ ಆಗಿದ್ದುವು,” ಅಂದಳು.

ಇಷ್ಟು ಓದಿ ನೀವು ಅಕ್ಕನನ್ನು ಧೀರ ಮಹಿಳೆ ಮಾಡಿಬಿಟ್ಟರೆ ಅವಳು ಮಣ್ಣಿನಿಂದ ಎದ್ದು ಬಂದು ನನ್ನನ್ನು ಬೈದಾಳು. ಓಣಿಯ ಮದುವೆಗಳಲ್ಲಿ ಅವಳು ಹಿಟ್ಟು ನಾದುವಳು, ಪಾತ್ರೆ ಎಣಿಸುವಳು, ಊಟಕ್ಕೆ ನಿಂತು ಬಡಿಸುವಳು. ಮದುಮಗಳಿಗೆ ಅರಿಶಿನ ಹಚ್ಚುವ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಏನೋ ಕೆಲಸ ನೆನಪಾಗಿ ಮಾಯವಾಗುವಳು. ನಾನು ಮೂಗು ತೂರಿಸುವ ಜಾತಿ. ಯಾಕೆ ಎಂದು ಒಮ್ಮೆ ಕೇಳಿಯೇ ಬಿಟ್ಟೆ.

“ಹಚ್ಚಾಕ ಹೋದ್ರ ಮದಿಮಗಳ ಅವ್ವನ ಮಾರಿ ನೋಡಬೇಕಾಗ್ತೈತ್ರಿ,” ಅಂದಳು. “ಬ್ಯಾಡ ಅನ್ನಾಕ ಬಾಯಿ ಬರೂದಿಲ್ಲ, ಹೂಂ ಅನ್ನಾಕ ಮನಸ ಬರೂದಿಲ್ಲ, ಪಾಪ. ಆ ಮಾರಿ ನೋಡಾಕ ನನಗ ಆಗೂದಿಲ್ಲ ಸರ್ರ.” ಅವತ್ತು ನಗಲಿಲ್ಲ.

ಈಗ ನನ್ನ ಘನಕಾರ್ಯವನ್ನು ಹೇಳಬೇಕು. ನಾನು ಇಲ್ಲಿಯ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರ. ಐದಾರು ವರ್ಷದ ಹಿಂದೆ ಶಾಲೆಗೆ ಗೋಡೆಯಗಲದ ಟಿವಿ ಬಂತು. ಮಕ್ಕಳು ಒಬ್ಬರನ್ನೊಬ್ಬರು ಕಾಡಿಸುವುದರ ಬಗ್ಗೆ ಏನಾದರೂ ಕಾರ್ಯಕ್ರಮ ಮಾಡಿ ಎಂದು ಮೇಲಿನಿಂದ ಸೂಚನೆಯೂ ಬಂತು. ನನ್ನ ಮೊಬೈಲಿನಲ್ಲಿ ಸ್ಫೂರ್ತಿಯ ಗೋದಾಮೇ ಇತ್ತಲ್ಲ. ಒಂಬತ್ತನೆಯ ಇಯತ್ತೆಗೆ ಒಂದು ವಿಡಿಯೋ ಹಾಕಿದೆ. ಮುಖದ ಮೇಲೆ ಕಲೆಯಿದ್ದ ಹುಡುಗಿ, ಕಾಡಿಸುವ ಗೆಳತಿಯರು, ಕನ್ನಡಿ, ಚಪ್ಪಾಳೆ. ಅಷ್ಟಕ್ಕೇ ಟಿವಿ ಆರಿಸಿ ಗಣಿತ ಹೇಳಿದ್ದರೆ ಆಗುತ್ತಿತ್ತು.

ಆ ವರ್ಗದಲ್ಲಿ ರೇಣುಕಾ ಎಂಬ ಹುಡುಗಿಯಿದ್ದಳು. ಅಪ್ಪ ಮಗ್ಗ ನಡೆಸುತ್ತಿದ್ದ, ಓದಿನಲ್ಲಿ ಚುರುಕು. ಆ ವರ್ಷ ಅವಳ ತುಟಿಯ ಅಂಚಿನಲ್ಲಿ ಅವರೆಕಾಳಿನಷ್ಟು ಬಿಳಿ ಕಾಣಿಸಿಕೊಂಡಿತ್ತು. ಅವಳು ಮಾತಾಡುವಾಗ ಕೈ ಅಡ್ಡ ಹಿಡಿಯುವುದನ್ನು ನಾನು ಗಮನಿಸಿದ್ದೆ, ಗಮನಿಸಿದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ವಿಡಿಯೋ ಮುಗಿದ ಮೇಲೆ ಅವಳನ್ನು ಎಬ್ಬಿಸಿ ನಿಲ್ಲಿಸಿದೆ. “ನಮ್ಮ ರೇಣುಕಾನ್ನ ನೋಡಿರಿ. ಮುಖದ ಮೇಲೆ ಏನಿದ್ದರೇನು? ಇವಳಲ್ಲಿ ಆಂತರಿಕ ಸೌಂದರ್ಯವಿದೆ. ಎಲ್ಲರೂ ಚಪ್ಪಾಳೆ ತಟ್ಟಿರಿ” ಅಂದೆ. ತಟ್ಟಿದರು, ಜೋರಾಗಿಯೇ ತಟ್ಟಿದರು. ನನ್ನ ಕಣ್ಣು ತುಂಬಿ ಬಂದಿದ್ದವು. ರೇಣುಕಾ ನೆಲ ನೋಡುತ್ತಿದ್ದಳು, ಅದನ್ನು ನಾನು ನಾಚಿಕೆಯೆಂದು ತಿಳಿದೆ. ಇಷ್ಟು ದಡ್ಡನಿಗೆ ಸರಕಾರ ಹೇಗೆ ಸಂಬಳ ಕೊಡುತ್ತದೋ ದೇವರೇ ಬಲ್ಲ.

ಮರುದಿನ ಅವಳು ಬರಲಿಲ್ಲ. ಹತ್ತು ಹನ್ನೆರಡು ದಿನವಾಯಿತು. ವಿಚಾರಿಸಿದರೆ ಸುದ್ದಿ ತಿಳಿಯಿತು. ಅಲ್ಲಿಯವರೆಗೆ ಆ ಅವರೆಕಾಳನ್ನು ಅರ್ಧ ವರ್ಗ ನೋಡಿಯೇ ಇರಲಿಲ್ಲ. ಈಗ ಎಲ್ಲರಿಗೂ ಗೊತ್ತಾಗಿ ಒಂದು ಅಡ್ಡಹೆಸರೂ ಹುಟ್ಟಿತ್ತು. ಅಂದೇ ಶಾಲೆ ಬಿಟ್ಟು ಬರುವಾಗ ದಾರಿಯುದ್ದಕ್ಕೂ ಹಿಂದಿನಿಂದ ಕೂಗಿದರಂತೆ: “ಏ ಆಂತರಿಕ. ನಿಂದ್ರ ಆಂತರಿಕ.” ನಾನು ಕೊಟ್ಟ ಪದ.

ಅವಳ ಮನೆಗೆ ಹೋದೆ. ಒಳಗಿನ ಕೋಣೆಯ ಬಾಗಿಲು ತೆರೆಯಲಿಲ್ಲ. ಅವಳ ತಾಯಿ ನನಗೆ ಚಹಾ ಕೊಟ್ಟು, “ಬರೂದಿಲ್ಲಂತಾಳ್ರಿ ಸರ್ರ. ಆಕಿ ಅಪ್ಪಾನೂ ಸಾಕ ಅಂದಾರ. ಉತ್ತೂರದಾಗ ಆಕಿ ಅತ್ತಿ ಅದಾಳ, ದೀಪಾವಳಿ ಆದ ಮ್ಯಾಲೆ ಅಲ್ಲೇ ಕಳಸ್ತೇವಿ. ಹೊಲದಾಗ ಯಾರ ನೋಡ್ತಾರ್ರಿ ಮಾರಿ?” ಅಂದಳು. ದೀಪಾವಳಿಗೆ ಹದಿನೈದು ದಿನ ಉಳಿದಿತ್ತು. ಉತ್ತೂರಿಗೆ ಹೋದರೆ ಆ ಹುಡುಗಿಯ ಓದು ಮುಗಿಯಿತೆಂದೇ ಲೆಕ್ಕ. ಮುಗಿಸಿದವನು ನಾನು.

ಅಲ್ಲಿಂದ ನೆಟ್ಟಗೆ ಅಕ್ಕನ ಮೇಜಿಗೆ ಹೋದೆ. ಎಲ್ಲವನ್ನೂ ಹೇಳಿದೆ. ಹೇಳಿ, ನನ್ನ ತಲೆಯಲ್ಲಿ ಹೊಳೆದ ಉಪಾಯವನ್ನೂ ಹೇಳಿದೆ: “ಅಕ್ಕಾ, ನಿನ್ನದೊಂದು ವಿಡಿಯೋ ಮಾಡೂಣು. ನೀ ಹೆಂಗ ಧೈರ್ಯದಿಂದ ಬದುಕಿದಿ ಅಂತ. ಅದನ್ನ ನೋಡಿದ್ರ ಆಕಿ ಬರ್ತಾಳ.”

ಅಕ್ಕ ಚಿಮಟಾ ಕೆಳಗಿಟ್ಟಳು. ಕಿವಿಯ ಹಿಂದಿನ ಖಡು ತೆಗೆದು ಮುಂದಿನ ಬಟ್ಟೆಯ ಮೇಲೆ, ಏನೂ ಇಲ್ಲದ ಜಾಗದಲ್ಲಿ, ಒಂದು ಗೋಲ ಹೊಡೆದಳು.

“ಏನ ಕಾಣ್ತೈತಿ?”

“ಏನೂ ಇಲ್ಲಲ್ಲ.”

“ಮತ್ಯಾಕ ಅಲ್ಲೇ ನೋಡಾಕತ್ತೀರಿ?”

ಅಕ್ಕ ಆ ಗೋಲವನ್ನು ಅಂಗೈಯಿಂದ ಒರೆಸಿದಳು.

“ಗೋಲ ಹೊಡದ್ರ ಎಲ್ಲಾರ ಕಣ್ಣ ಅಲ್ಲೇ ಹೋಗ್ತಾವ್ರಿ. ಮೂವತ್ತ ವರ್ಷ ಅದ ಕೆಲಸಾ ಮಾಡೇನಿ. ನೀವು ಆ ಪೋರಿ ಮಾರಿಗೆ ಖಡೂಲೆ ಗೋಲ ಹೊಡದ ಬಂದೀರಿ. ಈಗ ಇನ್ನೊಂದ ಗೋಲ ನನ್ನ ಮಾರಿಗೂ ಹೊಡಿಯಾಕ ಬಂದೀರಿ. ಹರದವರು ನೀವು, ಮೆಂಡಿಂಗ ನಾ ಮಾಡ್ಲ್ಯಾ?”

“ಮತ್ತ ನಾ ಏನ್ ಮಾಡ್ಲಿ ಅಕ್ಕಾ?”

“ಮಾಫಿ ಕೇಳ್ರಿ. ಆಕಿ ಮನ್ಯಾಗ ಚಹಾ ಕುಡಕೋತ ಅಲ್ಲ. ಎಲ್ಲಿ ಚಪ್ಪಾಳಿ ಹೊಡಿಸಿದ್ರಿ, ಅಲ್ಲೇ.”

ಮಾಸ್ತರಿಕೆ ಮಾಡಿದವರಿಗೆ ಗೊತ್ತಿರುತ್ತದೆ, ವರ್ಗದ ಮುಂದೆ ತಪ್ಪಾಯಿತು ಎನ್ನುವುದು ಎಷ್ಟು ಕಷ್ಟವೆಂದು. ನಾಳೆ ನಾಡಿದ್ದು ಎಂದು ನಾಲ್ಕು ದಿನ ತಳ್ಳಿದೆ. ಅಕ್ಕ ಸುಮ್ಮನೆ ಕೂರಲಿಲ್ಲ. ನಾನು ಅವಳ ಮೇಜಿಗೆ ಹೋಗಿದ್ದ ದಿನ ಸಂಜೆಯೇ ತನ್ನ ತಮ್ಮನ ಮಗನ ಹಳೆಯ ಮೊಬೈಲು ಹಿಡಿದು ರೇಣುಕಾಳ ಮನೆಗೆ ಹೋದಳು. ಮುಂದಿನದನ್ನು ನನಗೆ ಆ ಹುಡುಗಿಯ ತಾಯಿ ಹೇಳಿದ್ದು. ಬಾಗಿಲ ಹೊರಗೆ ನೆಲದ ಮೇಲೆ ಕುಳಿತು, “ಇದರಾಗ ವಿಡಿಯೋ ಹೆಂಗ ಹಚ್ಚೂದು, ಕಲಸ ಬಾರವಾ. ನಮ್ಮ ಹುಡುಗರು ಕಲಸಂಗಿಲ್ಲ, ಬೈತಾವು” ಅಂದಳಂತೆ. ಅರ್ಧ ತಾಸಿನ ಮೇಲೆ ಬಾಗಿಲು ತೆರೆಯಿತು. ಅಕ್ಕ ಮುಖದ ಮಾತು ಎತ್ತಲಿಲ್ಲ, ಶಾಲೆಯ ಮಾತೂ ಎತ್ತಲಿಲ್ಲ. ಇಬ್ಬರೂ ಕುಳಿತು ಅವೇ ವಿಡಿಯೋಗಳನ್ನು ನೋಡಿದರು. ಬರೀ ಕಾಡಿಸುವುದು, ಕನ್ನಡಿ, ಒಳಗಿನ ಚೆಲುವು.

“ಈಕಿ ಈಗ ಕನಡಕಾ ತಗೀತಾಳ ನೋಡ,” ಎಂದು ಅಕ್ಕ. ವಿಡಿಯೋದ ಹುಡುಗಿ ಕನ್ನಡಕ ತೆಗೆದಳು. “ಕೂದಲಾ ಬಿಚ್ಚತಾಳ.” ಬಿಚ್ಚಿದಳು. “ಹಾಂ, ಚಂದ ಆದ್ಲು. ಎಲ್ಲಾರೂ ಚಂದನ ಆಗ್ತಾರಲ್ಲವಾ ಕಡೀಕ. ಆಗದಾಕಿ ಏನ್ ಮಾಡಬೇಕು, ಅದನ್ನ ಯಾರೂ ಹೇಳವೊಲ್ಲರು.” ಮೂರನೆಯ ವಿಡಿಯೋಕ್ಕೆ ರೇಣುಕಾಳೇ ಮುಂದಿನದನ್ನು ಹೇಳತೊಡಗಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಹನ್ನೆರಡು ದಿನದ ಮೇಲೆ ಮಗಳು ನಕ್ಕದ್ದನ್ನು ಕೇಳಿ ತಾಯಿ ಒಲೆಯ ಮುಂದೆ ಅತ್ತಳು. ಎದ್ದು ಹೊರಡುವಾಗ ಅಕ್ಕ ಒಂದೇ ಮಾತು ಅಂದಳಂತೆ: “ಒಳಗಿಂದ ಚಂದ ಐತಿ ಅಂತ ಹೇಳೂದರಾಗ, ಹೊರಗಿಂದ ಇಲ್ಲ ಅಂತ ಮದಲ ಹೇಳೇ ಬಿಟ್ಟಿರ್ತಾರ. ನಿಮ್ಮ ಸರಗೂ ಅದ ಜಡ್ಡ. ಕೆಟ್ಟವರಲ್ಲ, ಶ್ಯಾಣ್ಯಾರಲ್ಲ ಅಷ್ಟ.”

ಆ ಮಾತು ನನ್ನ ಕಿವಿಗೆ ಬಿದ್ದ ಮರುದಿನ ಮೊದಲನೆಯ ತಾಸಿಗೇ ಒಂಬತ್ತನೆಯ ಇಯತ್ತೆಗೆ ಹೋಗಿ ನಿಂತೆ. “ಅವತ್ತ ನಾ ರೇಣುಕಾನ್ನ ಎಬ್ಬಿಸಿ ನಿಂದ್ರಿಸಿದ್ದು ತಪ್ಪಾತು. ಆಕಿ ಮಾರಿ ವಿಷಯ ಮಾತಾಡಾಕ ನನಗ ಯಾರೂ ಹೇಳಿದ್ದಿಲ್ಲ. ತಪ್ಪ ನಂದು.” ಹಿಂದಿನ ಬೆಂಚಿನಲ್ಲಿ ಒಬ್ಬ ಕಿಸಕ್ಕೆಂದ. ಇದರಿಂದ ನಾವು ಕಲಿಯಬೇಕಾದ ಪಾಠವೇನೆಂದರೆ ಎಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಕಚ್ಚಿಕೊಂಡು ಹಲಗೆಯ ಕಡೆ ತಿರುಗಿದೆ.

ದೀಪಾವಳಿ ರಜೆಗೆ ಮೂರು ದಿನ ಮೊದಲು ಗೇಟಿನ ಹತ್ತಿರ ಅಕ್ಕ ಕಂಡಳು. ಪಕ್ಕದಲ್ಲಿ ರೇಣುಕಾ, ಬೆನ್ನಿಗೆ ಪುಸ್ತಕದ ದಫ್ತರ. ಅಕ್ಕ ಒಳಗೆ ಬರಲಿಲ್ಲ, ನನ್ನ ಕಡೆ ನೋಡಲೂ ಇಲ್ಲ, ಕೆಲಸಕ್ಕೆ ಹೊತ್ತಾಯಿತೆಂದು ಹೊರಟೇಬಿಟ್ಟಳು. ಹುಡುಗಿ ನನ್ನ ಮುಂದೆ ಬಂದು ನಿಂತಳು. ಕೈ ಬಾಯಿಗೆ ಅಡ್ಡ ಇರಲಿಲ್ಲ.

“ಸರ್ರ, ನನ್ನ ಸಿಟ್ಟ ಹೋದ ಮ್ಯಾಲೆ ಸಾಲಿಗೆ ಹೋಗ್ತೇನಿ ಅಂದಿದ್ದೆ. ಸಿಟ್ಟ ಹೋಗೂ ಮಟಾ ಕುಂತ್ರ ಪರೀಕ್ಷಾ ಹೋಗ್ತಾವು, ಸಿಟ್ಟನ್ನ ದಫ್ತರದಾಗ ಹಾಕ್ಕೊಂಡ ಹೋಗ ಅಂದ್ಲು ಅಕ್ಕಾ. ಅದಕ್ಕ ಬಂದೇನಿ. ಸಿಟ್ಟ ಇನ್ನೂ ಐತ್ರಿ.”

“ಇರಲವ್ವಾ,” ಅಂದೆ. “ಒಳಗ ಬಾ.” ಹಾಜರಿ ಪುಸ್ತಕ ತೆರೆದು ಅವಳ ಹೆಸರಿನ ಮುಂದೆ ಗುರುತು ಹಾಕಿದೆ.

ಕೂಗುವವರು ಒಂದೇ ದಿನಕ್ಕೆ ನಿಲ್ಲಲಿಲ್ಲ, ಅಂಥ ಪವಾಡ ವಿಡಿಯೋದಲ್ಲಿ ಮಾತ್ರ. ಒಂದಿಬ್ಬರು ಮಾರ್ಚಿನವರೆಗೂ ಆಂತರಿಕ ಅನ್ನುತ್ತಲೇ ಇದ್ದರು. ಅವಳು ತಲೆ ತಗ್ಗಿಸಿ “ಹಾಯ್ತೇನಿ ನೋಡ” ಅನ್ನುವುದನ್ನು ಕಲಿತಿದ್ದಳು. ಯಾರಿಂದ ಕಲಿತಳೆಂದು ನಾನು ಕೇಳಲಿಲ್ಲ. ಹತ್ತನೆಯದು ಪಾಸಾಯಿತು, ಹನ್ನೆರಡನೆಯದೂ ಆಯಿತು. ಈಗ ಗಡಹಿಂಗ್ಲಜದಲ್ಲಿ ಕಾಲೇಜು. ಆ ಬಿಳಿ ಕೆನ್ನೆಯವರೆಗೆ, ಒಂದು ಹುಬ್ಬಿನವರೆಗೆ ಹಬ್ಬಿದೆ. ರಜೆಗೆ ಬಂದಾಗ ಮೊದಲು ಅಕ್ಕನ ಮೇಜಿಗೆ, ಆಮೇಲೆ ತನ್ನ ಮನೆಗೆ. ಇಬ್ಬರೂ ಕುಳಿತು ವಿಡಿಯೋ ನೋಡಿ ನಗುವುದು ಮಾತ್ರ ತಪ್ಪುತ್ತಿರಲಿಲ್ಲ. ಒಮ್ಮೊಮ್ಮೆ ನನ್ನನ್ನೂ ಕರೆಯುತ್ತಿದ್ದರು, ನಾನು ಕಳಿಸಿದ್ದನ್ನೇ ನನ್ನ ಮುಂದೆ ಹಚ್ಚಿ ನಗುತ್ತಿದ್ದರು.

ಅಕ್ಕನಿಗೆ ಮೂರು ದಿನ ಜ್ವರ ಬಂದದ್ದೇ ನೆವ. ನನಗೆ ಇನ್ನೂ ನಂಬಿಕೆ ಬರುತ್ತಿಲ್ಲ. ಅವಳ ತಮ್ಮನ ಮನೆಯ ಮುಂದೆ ಹಾಯುವಾಗ ಈಗಲೂ ನನ್ನ ನಡಿಗೆ ನಿಧಾನವಾಗುತ್ತದೆ, ಯಾರಾದರೂ ಬೈದಾರೇನೋ ಎಂದು.

ಮಣ್ಣು ಕೊಟ್ಟ ಮರುದಿನ ಓಣಿಯ ಮಂಡಳದವರು ಮೂಲೆಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದರು. ನಮ್ಮೂರಲ್ಲಿ ಸತ್ತವರಿಗೆಲ್ಲ ಕಟ್ಟುತ್ತಾರೆ. ದೊಡ್ಡ ಫೋಟೋ, ಸುತ್ತ ಹೂವು. ಅದರಲ್ಲಿದ್ದ ಹೆಂಗಸು ಹಾಲುಬಿಳುಪು ಅಲ್ಲ, ಕಂದು ಅಲ್ಲ, ಒಂದೇ ಗೋಧಿಬಣ್ಣ, ಗೆರೆಯಿಲ್ಲ, ಮಚ್ಚೆಯಿಲ್ಲ. ದಾಟಿ ಹೋಗುವವರು ಯಾರು ತೀರಿಕೊಂಡರು ಎಂದು ಕೇಳುತ್ತಿದ್ದರು. ಅಕ್ಕ ಫೋಟೋಕ್ಕೆ ನಿಲ್ಲುತ್ತಿದ್ದವಳಲ್ಲ. ಇದ್ದದ್ದು ಒಂದೇ, ತಮ್ಮನ ಮಗನ ಹೊಸ ಮೊಬೈಲಿನಲ್ಲಿ ತೆಗೆದದ್ದು. ಆ ಮೊಬೈಲು ಎಲ್ಲರ ಮುಖವನ್ನೂ ತಾನೇ ನುಣುಪು ಮಾಡುವಂಥದ್ದು.

ಮಣ್ಣಿಗೆ ಬಂದಿದ್ದ ರೇಣುಕಾ ಫ್ಲೆಕ್ಸ್ ಮುಂದೆ ನಿಂತು ನೋಡಿದಳು. “ಇದರಾಗ ಅಕ್ಕಾ ಇಲ್ಲಲ್ರಿ ಸರ್ರ,” ಅಂದಳು. ಆಮೇಲೆ, “ನಡೀರಿ.”

ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ನಡುವಯಸ್ಸಿನ ಮರಾಠಿ ಮನುಷ್ಯನಿದ್ದ. ಒಳ್ಳೆಯವನೇ. ಮೊಬೈಲಿನಿಂದ ಫೋಟೋ ಹಾಗೆಯೇ ಬಂದಿದೆ, ಬೇಕಾದರೆ ಕೈಯಿಂದ ಬಣ್ಣ ಹಚ್ಚಿ ಸರಿಮಾಡಿ ಕೊಡುತ್ತೇನೆ ಅಂದ. “ಪಣ ಕೋಡ ಕುಠಂ ಕುಠಂ ಹೋತಂ, ಮಲಾ ಕಸಂ ಕಳಣಾರ?” ಎಲ್ಲೆಲ್ಲಿ ಇತ್ತೆಂದು ತನಗೆ ಹೇಗೆ ತಿಳಿಯಬೇಕು ಎಂಬುದು ಅವನ ಪ್ರಶ್ನೆ.

ರೇಣುಕಾ ಸ್ಟೂಲು ಎಳೆದುಕೊಂಡು ಅವನ ಪಕ್ಕ ಕುಳಿತಳು. ಕೂದಲನ್ನು ಹಿಂದಕ್ಕೆ ಒತ್ತಿ ಗಂಟು ಹಾಕಿದಳು. “ಮಾಝ್ಯಾಕಡೇ ಬಘೂನ ಕರಾ,” ಅಂದಳು. ನನ್ನನ್ನು ನೋಡಿ ಮಾಡಿ. “ತುಟಿ ಹತ್ತಿರ ಹಿಂಗ. ಆದ್ರ ಇನ್ನಷ್ಟ ಅಗಲ ಇತ್ತು. ಕಣ್ಣಿನ ಸುತ್ತ ಪೂರಾ. ಸರ್ರ, ಇವರಿಗೆ ಮರಾಠ್ಯಾಗ ಹೇಳ್ರಿ, ನಾ ಮಾರಿ ಹಿಂಗ ಹಿಡಕೊಂಡ ಕುಂಡರ್ತೇನಿ.”

ನಾನು ಹೇಳಿದೆ, ಅಷ್ಟನ್ನೇ ಹೇಳಿದೆ. ಅವನು ಸಂಕೋಚದಿಂದ ಪರದೆಯನ್ನೇ ನೋಡುತ್ತಿದ್ದ. ಆಮೇಲೆ ಕುರ್ಚಿ ತಿರುಗಿಸಿ ಅವಳ ಮುಖವನ್ನು ನೋಡಿದ, ಕೆಲಸದವರು ಕೆಲಸವನ್ನು ನೋಡುವ ಹಾಗೆ.

“ಜರಾ ಉಜೇಡಾಕಡೇ ವಳಾ, ತಾಯಿ,” ಅಂದ.

ಅವಳು ಬೆಳಕಿನ ಕಡೆ ತಿರುಗಿದಳು.